ಮನೆ ಹುಡುಕುವ ಕಂಪ್ಯೂಟರ್ ಬಾಯಿ ಮುಚ್ಚಿದ ದಿನ

ನಮ್ಮ ಊರಿನಲ್ಲಿ ಮನೆಗಳು ರಾತ್ರಿ ಜಾಗ ಬದಲಾಯಿಸುತ್ತವೆ. ಮಲಗುವಾಗ ಹುಣಸೆಮರದ ಪಕ್ಕದಲ್ಲಿದ್ದ ಮನೆ ಬೆಳಿಗ್ಗೆ ಏಳುವಷ್ಟರಲ್ಲಿ ಕೆರೆಯ ದಂಡೆಯ ಮೇಲಿರುತ್ತದೆ. ಒಲೆಯ ಮೇಲಿಟ್ಟ ಹಾಲು ತುಳುಕುವುದಿಲ್ಲ, ತೊಟ್ಟಿಲ ಕೂಸಿಗೆ ಎಚ್ಚರವಾಗುವುದಿಲ್ಲ. ಬಾಗಿಲು ತೆಗೆದರೆ ಎದುರುಮನೆಯವರು ಬೇರೆ, ಅಷ್ಟೇ. ಹೊರಗಿನಿಂದ ಸೊಸೆಯಾಗಿ ಬಂದವರಿಗೆ ಮೊದಮೊದಲು ತಲೆ ತಿರುಗುತ್ತದೆ. ಆಮೇಲೆ ಅವರೂ ನಮ್ಮಂತೆಯೇ ಎದ್ದ ಕೂಡಲೇ ಚೊಂಬು ಹಿಡಿದು ಹೊರಗೆ ಬಂದು, ಅಂಗಳದ ಮುಂದಿನ ಕಲ್ಲಿನ ಮೇಲೆ ಕೆತ್ತಿದ ಅಂಕಿ ನೋಡಿಕೊಂಡು ಒಳಗೆ ಹೋಗುತ್ತಾರೆ. ಕಲ್ಲು, ಮರ, ಬಾವಿ, ಬೀದಿ ಇವು ಕದಲುವುದಿಲ್ಲ. ಸರ್ಕಾರಿ ಕಚೇರಿಯೂ ಕದಲುವುದಿಲ್ಲ. ಸರ್ಕಾರಿ ಕಚೇರಿ ತಾನಾಗಿ ಕದಲಿದ್ದನ್ನು ನೀವಾದರೂ ಎಲ್ಲಿ ಕಂಡಿದ್ದೀರಿ?

ಇದರಲ್ಲಿ ಅನುಕೂಲವೂ ಉಂಟು. ನಮ್ಮಲ್ಲಿ ಗೋಡೆಯ ತಕರಾರು ಕೋರ್ಟಿಗೆ ಹೋದದ್ದೇ ಇಲ್ಲ. ಬೆಳಗಾದರೆ ಗೋಡೆಯೇ ಇರುವುದಿಲ್ಲ. ಪಕ್ಕದ ಮನೆಯವರು ಎಂಥವರೇ ಆಗಿರಲಿ, ಒಂದು ದಿನದ ಮಟ್ಟಿಗೆ ಸಹಿಸಿಕೊಂಡರಾಯಿತು. ಕಡ ತಂದ ಬೆಲ್ಲ, ಚಹಾಪುಡಿಯನ್ನು ಮಾತ್ರ ಕತ್ತಲಾಗುವುದರೊಳಗೆ ಹಿಂದಿರುಗಿಸಬೇಕು. ಮೊಬೈಲ್ ಕಂಪನಿಯವರು ಒಮ್ಮೆ ಬಂದು ಟವರ್ ನಿಲ್ಲಿಸಿ ಹೋದರು. ಅದನ್ನು ಒಂದು ಮನೆಯ ಮಾಳಿಗೆಯ ಮೇಲೆ ನಿಲ್ಲಿಸಿದ್ದರಿಂದ ದಿನಕ್ಕೊಂದು ಕಡೆ ತಿರುಗತೊಡಗಿತು. ಕಡೆಗೆ ಅವರೇ ಬೇಸತ್ತು ಬಿಚ್ಚಿಕೊಂಡು ಹೋದರು. ಹಾಗಾಗಿ ನಮ್ಮೂರಿನಲ್ಲಿ ಫೋನ್ ಇಲ್ಲ. ಕಚೇರಿಗೆ ಮಾತ್ರ ತಂತಿಯ ಇಂಟರ್ನೆಟ್ ಇದೆ.

ನಾನು ಕಸ್ತೂರಿ, ಆ ಕಚೇರಿಯಲ್ಲಿ ಆಪರೇಟರ್. ಬೆಳಿಗ್ಗೆ ಮನೆಗೊಬ್ಬರಂತೆ ಬಂದು ತಮ್ಮ ಇವತ್ತಿನ ಕಲ್ಲಿನ ಅಂಕಿ ಹೇಳುತ್ತಾರೆ, ನಾನು ಒತ್ತಿಕೊಳ್ಳುತ್ತೇನೆ. ಆಮೇಲೆ ದಿನವಿಡೀ ಯಾರಾದರೂ ಬಂದು ‘ಟೇಲರ ಮನಿ ಇವತ್ತ ಎಲ್ಲೈತ್ರಿ?’ ಎಂದು ಕೇಳಿದರೆ ಕಂಪ್ಯೂಟರ್ ನೋಡಿ ಹೇಳುತ್ತೇನೆ. ಈ ಪ್ರೋಗ್ರಾಮ್ ಬರೆದವರು ನನ್ನ ಗಂಡ ಮಹಾಂತೇಶ ಹಾದಿಮನಿ. ಬರೆದದ್ದು ಪೈಥಾನ್ ಎಂಬ ಭಾಷೆಯಲ್ಲಿ. ಪೈಥಾನ್ ಅಂದರೆ ಹೆಬ್ಬಾವು ಎಂದು ನಿವೃತ್ತ ಗದಿಗೆಪ್ಪ ಮಾಸ್ತರರು ಡಿಕ್ಷನರಿ ನೋಡಿ ಹೇಳಿದಂದಿನಿಂದ ನಮ್ಮ ಪಂಚಾಯಿತಿ ಅಧ್ಯಕ್ಷರು ದುಂಡಪ್ಪನವರು ಕಂಪ್ಯೂಟರಿನ ಹಿಂಭಾಗಕ್ಕೆ ಕೈ ಹಾಕಿದ್ದಿಲ್ಲ.

ಮುಂದಿನ ಕಥೆ ತಿಳಿಯಬೇಕಾದರೆ ಇದಿಷ್ಟು ಗೊತ್ತಿರಲಿ. ನನ್ನ ಟೇಬಲ್ಲಿನ ಮೇಲಿನ ಕಂಪ್ಯೂಟರಿಗೆ ಮಾತಾಡಲು ಬರುತ್ತದೆ, ಆದರೆ ಅದಕ್ಕೆ ಏನೂ ಗೊತ್ತಿಲ್ಲ. ಹಿಂದಿನ ಕೋಣೆಯಲ್ಲಿ ಡೇಟಾಬೇಸ್ ಇಟ್ಟಿರುವ ಕರಿ ಪೆಟ್ಟಿಗೆಯೊಂದಿದೆ. ಅದಕ್ಕೆ ಎಲ್ಲವೂ ಗೊತ್ತು, ಆದರೆ ಬಾಯಿಲ್ಲ. ಇವೆರಡರ ನಡುವೆ ಅಲ್ಲಿಂದಿಲ್ಲಿಗೆ ಸುದ್ದಿ ಒಯ್ಯುವ ಒಂದು ಸಣ್ಣ ಮಾಡ್ಯೂಲ್, ಅಂದರೆ ಪ್ರೋಗ್ರಾಮಿನ ತುಣುಕು ಬೇಕು. ಹಳೆಯ ಕಂಪ್ಯೂಟರಿನಲ್ಲಿ ಅದು ಇತ್ತು. ಹಾಗೊಂದು ಇದೆಯೆಂದು ಯಾರಿಗೂ ಗೊತ್ತಾಗದಂತೆ ಇತ್ತು.

ಹಳೆಯ ಕಂಪ್ಯೂಟರ್ ತೀರಾ ನಿಧಾನವಾಗಿತ್ತು. ಒಂದು ಮನೆ ಕೇಳಿದರೆ ಉತ್ತರ ಬರುವಷ್ಟರಲ್ಲಿ ಕೇಳಿದವರು ಚಹಾ ಕುಡಿದು ಬರುತ್ತಿದ್ದರು. ಒಂದು ದಿನ ನನಗೆ ತಡೆಯಲಾಗದೆ, ತುಂಬಿದ ಸಭೆಯಲ್ಲಿ ಎದ್ದು ನಿಂತು, “ಅಧ್ಯಕ್ಷರ, ಈ ಡಬ್ಬಿ ತಗದು ಹೊಸಾದು ಕೊಡಸ್ರಿ” ಎಂದುಬಿಟ್ಟೆ. ಅಧ್ಯಕ್ಷರು ಆಗಲಿ ಎಂದರು. ಸಭೆ ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನಲ್ಲಿ ಕೂತಿದ್ದ ನನ್ನ ಗಂಡ ಮಾತ್ರ ತಟ್ಟಲಿಲ್ಲ. ಆ ಯಂತ್ರವನ್ನು ಅವರು ವರ್ಷಗಟ್ಟಲೆ ಬಣ್ಣದ ಬ್ರಷ್ಷಿನಿಂದ ಧೂಳು ಹೊಡೆದು, ಬಿಚ್ಚಿ, ಜೋಡಿಸಿ, ಗೋಗರೆದು ಓಡಿಸಿದ್ದರು.

ಮನೆಗೆ ಬಂದಮೇಲೆ ಶುರುವಾಯಿತು. “ನನ್ನ ಕೆಲಸಕ್ಕ ಡಬ್ಬಿ ಅಂದಿ.” “ನಿಮ್ಮ ಕೆಲಸಕ್ಕ ಎಲ್ಲಿ ಅಂದೆ? ಮಷಿನ್‌ಗೆ ಅಂದೆ.” “ನನಗ ಎರಡೂ ಒಂದ.” “ಹಂಗಾದ್ರ ನಿಮಗೂ ಅಂದೆ ಅಂತ ತಿಳ್ಕೋರಿ.” ಈ ಕೊನೆಯ ಮಾತು ಬೇಡವಾಗಿತ್ತು, ಆದರೆ ಬಾಯಿ ದಾಟಿ ಹೋಗಿತ್ತು. ಹೊಸ ಕಂಪ್ಯೂಟರ್ ಬಂತು. ಅವರು ಇಡೀ ದಿನ ಮಾತಿಲ್ಲದೆ ಅದರ ಮುಂದೆ ಕೂತು ಪ್ರೋಗ್ರಾಮ್ ಹಾಕಿದರು. ಅವತ್ತು ರೊಟ್ಟಿ ಬಡಿಸುತ್ತಾ ನಾನು ಸುಮ್ಮನಿರಬಾರದೇ? “ಹೊಸಾದು ಎಷ್ಟ ಚಂದ ಓಡ್ತೈತಿ ನೋಡ್ರಿ” ಎಂದೆ. ಅರ್ಧ ರೊಟ್ಟಿ ತಾಟಿನಲ್ಲೇ ಬಿಟ್ಟು ಎದ್ದರು. ಚಪ್ಪಲಿ ಮೆಟ್ಟಿ ಸೀದಾ ತಮ್ಮ ಅಕ್ಕನ ಮನೆಗೆ ಹೋದರು. ಸಿಟ್ಟಿನ ಭರದಲ್ಲಿ ಕನ್ನಡಕವನ್ನೂ ಬಿಟ್ಟು ಹೋದರು. ಅದು ಗೋಡೆಯ ಮಾಡದಲ್ಲಿ ಕೂತು ದಿನಾ ನನ್ನನ್ನೇ ನೋಡುತ್ತಿತ್ತು. ನಾನೂ ಕಳಿಸಿಕೊಡಲಿಲ್ಲ. ಬೇಕಾದವರು ಬಂದು ಒಯ್ಯಲಿ ಎಂದುಕೊಂಡೆ.

ಹೊಸ ಕಂಪ್ಯೂಟರಿನ ಉದ್ಘಾಟನೆಯ ದಿನ ಬಂತು. ಬೆಳಗಿನ ಅಂಕಿಗಳನ್ನೆಲ್ಲ ನಾನು ಹಳೆಯದರಿಂದಲೇ ಕರಿ ಪೆಟ್ಟಿಗೆಗೆ ಒತ್ತಿ ಮುಗಿಸಿದೆ. ಮುಗಿದದ್ದೇ ತಡ, ಅಧ್ಯಕ್ಷರು ಅದರೊಳಗಿನದನ್ನೆಲ್ಲ ಅಳಿಸಿಹಾಕಿಸಿ, ಗೋಣಿಚೀಲದಲ್ಲಿ ಸುತ್ತಿಸಿ, ಮೊದಲ ಬಸ್ಸಿಗೆ ಹಾಕಿಸಿ ಮಗಳ ಊರಿಗೆ ಕಳಿಸಿಬಿಟ್ಟರು. ಮೊಮ್ಮಗನ ಆಟಕ್ಕೆ ಆಯಿತಂತೆ. ಹೊಸದಕ್ಕೆ ಹೂವಿನ ಹಾರ ಬಿತ್ತು, ಅಧ್ಯಕ್ಷರಿಗೂ ಒಂದು ಬಿತ್ತು. ತೆಂಗಿನಕಾಯಿ ಒಡೆದರು. ಕಚೇರಿಯ ಹಿಂದಿನಿಂದ ಎಮ್ಮೆಯೊಂದು ಬಿಟ್ಟುಬಿಡದೆ ಒದರುತ್ತಿತ್ತು. “ಯಾರದೋ ಅದು, ಹೊಡಕೊಂಡ ಹೋಗ್ರಿ ಅತ್ತಾಗ, ಭಾಷಣಾ ಕೇಳಸವಲ್ದು” ಎಂದು ಗದರಿ ಅಧ್ಯಕ್ಷರು ಭಾಷಣ ಮುಗಿಸಿದರು. ನಾನು ಗುಂಡಿ ಒತ್ತಿದೆ.

ಪರದೆ ಬೆಳಗಿತು. ಪ್ರೋಗ್ರಾಮ್ ಏಳುವ ಬದಲು ಕೆಂಪು ಅಕ್ಷರದಲ್ಲಿ ಇಂಗ್ಲಿಷ್ ಸಾಲೊಂದು ಬಂದು ನಿಂತಿತು. ಇಂತಿಂಥ ಹೆಸರಿನ ಮಾಡ್ಯೂಲ್ ಇಲ್ಲ ಎಂಬ ಸಾಲು. ಅಧ್ಯಕ್ಷರು ಬಾಗಿ ಹೆಸರನ್ನು ಅಕ್ಷರ ಅಕ್ಷರ ಓದಿದರು. “ಸೈಕೋ... ಸೈಕೋಪಿಜಿ. ಏ ಕಸ್ತೂರವ್ವ, ಸೈಕೋ ಅಂದ್ರ ಹುಚ್ಚ ಅಲ್ಲೇನು? ಯಾರಿಗೆ ಅನ್ನಾಕ್ಹತ್ತೈತಿ ಇದು?”

“ಯಾರಿಗೂ ಅಲ್ರಿ. ಅದು ಮಾಡ್ಯೂಲ್ ಹೆಸರು. ನಡುವಿನ ಆಳು ಬಂದಿಲ್ಲ ಅಂತ ಹೇಳಾಕ್ಹತ್ತೈತಿ.”

“ಬಂದಿಲ್ಲಂದ್ರ ಕರಸು.”

ಕರೆಸುವುದು ನನಗೆ ಗೊತ್ತಿತ್ತು. ಗಂಡನ ಪಕ್ಕ ಕೂತು ಎಷ್ಟೋ ಸಲ ನೋಡಿದ್ದೆ. ಪರದೆಯ ಮೇಲೆ ಕರಿ ಕಿಟಕಿಯೊಂದನ್ನು ತೆರೆದು ಒಂದೇ ಸಾಲು ಬರೆದರೆ ಅದು ಇಂಟರ್ನೆಟ್ಟಿನಿಂದ ಇಳಿದು ಬಂದು ಕೂತುಕೊಳ್ಳುತ್ತದೆ. ಬರೆದೆ. ಆದರೆ ಹಾಗೆ ಹೊರಗಿನಿಂದ ಏನನ್ನಾದರೂ ಒಳಗೆ ಕರೆದುಕೊಳ್ಳಬೇಕಾದರೆ ಯಜಮಾನರ ಪಾಸ್‌ವರ್ಡ್ ಬೇಕು. ಕಂಪ್ಯೂಟರ್ ಅದನ್ನೇ ಕೇಳಿತು. ಹೊಸದಕ್ಕೆ ಪಾಸ್‌ವರ್ಡ್ ಇಟ್ಟವರು ಮಹಾಂತೇಶ. ನನಗೆ ಹೇಳುವ ಪರಿಸ್ಥಿತಿಯಲ್ಲಿ ಅವರು ಆಗ ಇರಲಿಲ್ಲ.

ಅವರ ತಾಯಿಯ ಹೆಸರು ಹಾಕಿ ನೋಡಿದೆ. ತಪ್ಪು, ಮತ್ತೆ ಪ್ರಯತ್ನಿಸಿ ಎಂದಿತು. ಅವರಿಗೆ ಇಷ್ಟವಾದ ಎಣ್ಣೆಗಾಯಿ ಬದನೆಕಾಯಿಯನ್ನು ಹಾಕಿದೆ. ತಪ್ಪು. ಸುತ್ತ ನಿಂತವರೂ ಉಪಾಯ ಕೊಡತೊಡಗಿದರು. ಗದಿಗೆಪ್ಪ ಮಾಸ್ತರರು, “ಗಂಡಸರು ಹೆಂಡ್ತಿ ಹೆಸರ ಇಡ್ತಾರ ತಂಗಿ, ಅದನ್ನ ಹಾಕಿ ನೋಡು” ಎಂದರು. ಎಲ್ಲರ ಮುಂದೆ ನಾಚಿಕೆಯಾದರೂ ಒಳಗೊಳಗೆ ಒಂದು ಆಸೆಯಿಂದ ಕಸ್ತೂರಿ ಎಂದು ಒತ್ತಿದೆ. ತಪ್ಪು. ಮಾಸ್ತರರು ಕೆಮ್ಮಿ ಬೇರೆ ಕಡೆ ನೋಡಿದರು.

ಅಷ್ಟರಲ್ಲಿ ಆಸ್ಪತ್ರೆಯ ನರ್ಸ್ ಸುಶೀಲಾಬಾಯಿ ಐಸ್ ಡಬ್ಬಿ ಹಿಡಿದು ಬಂದರು. “ಪೈಲ್ವಾನರ ಮನಿ ಎಲ್ಲೈತಿ ಇವತ್ತ? ಲಗೂನ ಹೇಳು.”

ಚಂಬಸಪ್ಪ ಪೈಲ್ವಾನರು ನಮ್ಮೂರಿನ ದೊಡ್ಡ ಆಳು. ಈಚೆಗೊಂದು ಬೆಳಿಗ್ಗೆ, ಮನೆ ಹಿಂದಿನ ದಿನದ ಜಾಗದಲ್ಲೇ ಇದೆ, ಬಾಗಿಲ ಹೊರಗೆ ಮೆಟ್ಟಿಲಿದೆ ಎಂದು ನಂಬಿ ಕಾಲಿಟ್ಟು, ಹಳ್ಳಕ್ಕೆ ಬಿದ್ದು ಕಾಲು ಮುರಿದುಕೊಂಡಿದ್ದರು. ಮೇಲೆ ಸಕ್ಕರೆ ಕಾಯಿಲೆ. ದಿನಾ ಊಟಕ್ಕೆ ಮೊದಲು ಸೂಜಿ ಆಗಲೇಬೇಕು. ಅವರ ಮನೆಯಲ್ಲಿ ಬೇರೆ ಯಾರೂ ಇಲ್ಲದ್ದರಿಂದ, ಆ ದಿನ ಯಾರು ನೆರೆಯವರಾಗುತ್ತಾರೋ ಅವರೇ ಬಂದು ಅಂಕಿ ಹೇಳಿ ಹೋಗುವುದು ರೂಢಿ.

“ನೀನ ಒತ್ತೀದಿ ಅಲ್ಲೇನವ್ವ ಮುಂಜಾನೆ? ನೆನಪಿಲ್ಲೇನು?” ಎಂದು ಅಧ್ಯಕ್ಷರು ಕೇಳಿದರು.

“ಊರಿನ ಅಂಕಿ ಎಲ್ಲಾ ನೆನಪಿಟ್ಟಿದ್ರ ಕಂಪ್ಯೂಟರ್ ಯಾಕ ಬೇಕಿತ್ರಿ? ಬೆರಳು ಒತ್ತಿದ್ದು ತಲಿಗೆ ಹತ್ತಂಗಿಲ್ಲ, ಯಾರ ಬಂದ ಹೇಳಿದ್ರು ಅನ್ನೂದೂ ನೆನಪಿಲ್ಲ.”

ಸುಶೀಲಾಬಾಯಿ ಡಬ್ಬಿಯನ್ನು ಟೇಬಲ್ಲಿನ ಮೇಲೆ ಕುಕ್ಕಿದರು. “ನೋಡ್ರಿ, ನಿನ್ನೆನ ಸಕ್ಕರಿ ಭಾಳ ಏರಿತ್ತು. ಇವತ್ತ ಸೂಜಿ ತಪ್ಪಿದ್ರ ನಾ ಜವಾಬ್ದಾರಿ ಅಲ್ಲ. ಮಧ್ಯಾಹ್ನದೊಳಗ ಅವರ ಮನಿ ತೋರಸ್ರಿ, ಇಲ್ಲಾ ನಿಮ್ಮ ಹಾರಾ ತಗದು ನನಗ ಹಾಕ್ರಿ, ನಾನ ಅಧ್ಯಕ್ಷ ಆಗ್ತೀನಿ.”

ಅಧ್ಯಕ್ಷರು ಹತ್ತಾರು ಮಂದಿಯನ್ನು ಬೀದಿ ಬೀದಿಗೆ ಅಟ್ಟಿದರು, ಮನೆ ಮನೆ ಬಾಗಿಲು ಬಡಿದು ನೋಡಿ ಎಂದು. ಆದರೆ ನಮ್ಮೂರು ಸಣ್ಣದಲ್ಲ. ಮೇಲಾಗಿ ನಾವು ಹುಡುಕುವ ಅಭ್ಯಾಸವನ್ನೇ ಮರೆತಿದ್ದೆವು. ಹೋದವರು ದಾರಿಯಲ್ಲಿ ಸಿಕ್ಕ ಗುರುತಿನವರ ಮನೆಯಲ್ಲಿ ಚಹಾಕ್ಕೆ ಕೂತರು. ಕೆಲವರಿಗೆ ತಮ್ಮ ಮನೆ ಯಾವ ಕಡೆ ಎಂಬುದೇ ಮರೆತು ಹೋಯಿತು. ಒಬ್ಬರು ವಾಪಸ್ ಬಂದು, “ಪೈಲ್ವಾನ್ರು ಸಿಗಲಿಲ್ರಿ, ಆದ್ರ ಟೇಲರ್ ಸಿಕ್ರು, ಅಳತಿ ಕೊಟ್ಟ ಬಂದೆ” ಎಂದು ಸಂತೋಷದಿಂದ ವರದಿ ಒಪ್ಪಿಸಿದರು.

ಅಧ್ಯಕ್ಷರು ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. “ಕಸ್ತೂರವ್ವ, ನಿಮ್ಮ ಮನೀ ವಿಷಯ ನನಗ ಗೊತ್ತೈತಿ. ಊರಿಗೇ ಗೊತ್ತೈತಿ. ಆದ್ರ ಈಗ ಮಹಾಂತೇಶಪ್ಪನ್ನ ಕರಕೊಂಡ ಬರೂದ ಒಂದ ದಾರಿ. ನಡಿ, ನಾನೂ ಬರ್ತೀನಿ.”

“ಅವರ ಅಕ್ಕಾರ ಮನಿ ಇವತ್ತ ಎಲ್ಲೈತೋ ಏನೋ. ಅದನ್ನ ಹೇಳೂದೂ ಇದ ಕಂಪ್ಯೂಟರ್ ಅಲ್ಲೇನ್ರಿ.”

ಆದರೂ ಹೊರಟೆವು. ಗಂಡನ ಅಕ್ಕ ಬಂಗಾರೆವ್ವ ಹಿಟ್ಟಿನ ಗಿರಣಿ ನಡೆಸುತ್ತಾರೆ. ಗಿರಣಿ ಮನೆಯಲ್ಲೇ ಇರುವುದರಿಂದ ಮನೆಯ ಜೊತೆಗೆ ಅದೂ ತಿರುಗುತ್ತದೆ. ನಮ್ಮೂರಿಗೆ ಇರುವುದು ಅದೊಂದೇ ಗಿರಣಿ. ಅದರ ಸದ್ದು ಹಿಡಿದು ಹೋಗಬಹುದೆಂದು ನನ್ನ ಲೆಕ್ಕ. ಸದ್ದೇನೋ ಕೇಳುತ್ತಿತ್ತು, ಆದರೆ ಬೀದಿಯ ತಿರುವಿಗೊಂದು ಕಡೆಯಿಂದ ಕೇಳುತ್ತಿತ್ತು. ಹಾರ ಹಾಕಿಕೊಂಡ ಅಧ್ಯಕ್ಷರನ್ನು ಹಿಂದೆ ಕಟ್ಟಿಕೊಂಡು ಹೋಗುತ್ತಿದ್ದರೆ ಬಾಗಿಲಲ್ಲಿ ನಿಂತ ಹೆಂಗಸರು, “ಏನವಾ ಕಸ್ತೂರಿ, ಮೆರವಣಿಗಿ ಎತ್ತಾಗ?” ಎಂದು ಕೇಳುವವರೇ. ಗಂಡನನ್ನು ಕರೆಯಲು ಹೊರಟಿದ್ದೇನೆ ಎಂದು ಹೇಳಲು ನಾಲಿಗೆ ಬರಲಿಲ್ಲ. “ಮಾಡ್ಯೂಲ್ ತರಾಕ ಹೊಂಟೇನಿ” ಎಂದೆ. ಒಬ್ಬಾಕೆ, “ನಮಗೂ ಒಂದ ಕಿಲೋ ತಾ” ಎಂದಳು.

ಕಡೆಗೆ ದಾರಿ ತೋರಿಸಿದ್ದು ಹಿಟ್ಟು. ತಲೆಯ ಮೇಲೆ ಚೀಲ ಹೊತ್ತು ಬರುತ್ತಿದ್ದ ಒಬ್ಬ ಅಜ್ಜಿಯ ಚೀಲದಿಂದ ಬಿಸಿ ಜೋಳದ ಹಿಟ್ಟು ಸಣ್ಣಗೆ ಸೋರುತ್ತಿತ್ತು. ನೆಲದ ಮೇಲೆ ಬಿಳಿ ಗೆರೆ. ಅದನ್ನೇ ಹಿಡಿದು ಹಿಮ್ಮುಖವಾಗಿ ನಡೆದರೆ, ಬೇವಿನ ಮರದ ಕೆಳಗೆ ಟುಕುಟುಕು ಎನ್ನುತ್ತಾ ನಿಂತಿತ್ತು ಗಿರಣಿ.

ಬಂಗಾರೆವ್ವ ಮೊಳಕೈವರೆಗೂ ಹಿಟ್ಟಾಗಿ ಹೊರಗೆ ಬಂದರು. ನನ್ನನ್ನು ನೋಡಿ, ಅಧ್ಯಕ್ಷರ ಹಾರ ನೋಡಿ, ಮತ್ತೆ ನನ್ನನ್ನು ನೋಡಿದರು. “ಬಂದಿ? ಬಾ. ಕರಿಯಾಕ ಬರತಿ ಅಂತ ಗೊತ್ತಿತ್ತು. ಇಷ್ಟ ತಡಾ ಮಾಡ್ತಿ ಅಂತ ಗೊತ್ತಿರಲಿಲ್ಲ. ನಿನ್ನ ಗಂಡ ದಿನಾ ನನ್ನ ಗಿರಣಿ ಬೆಲ್ಟ ನೋಡಿ, ಇದರ ಸ್ಪೀಡ್ ಹೆಚ್ಚ ಮಾಡ್ತೀನಕ್ಕಾ ಅಂತ ಕುಂದ್ರತಾನ. ನಿನ್ನೆ ಜ್ವಾಳಾ ಹಾಕಿದ್ರ ರವಾ ಬಂತು. ದಯಮಾಡಿ ಕರಕೊಂಡ ಹೋಗು.”

ಒಳಗೆ ಮಹಾಂತೇಶ ಗಿರಣಿಯ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ಹುಬ್ಬು, ಮೀಸೆ, ರೆಪ್ಪೆ ಎಲ್ಲ ಬಿಳಿ. ಕನ್ನಡಕವಿಲ್ಲದೆ ಕಣ್ಣು ಕಿರಿದು ಮಾಡಿ ನಮ್ಮ ಕಡೆ ನೋಡಿ, “ಯಾರ್ರಿ? ಗೋಧಿನೋ ಜ್ವಾಳಾನೋ?” ಎಂದು ಕೇಳಿದರು. ನನಗೆ ನಗು ಬಂತು. ನಗೆಯನ್ನು ನುಂಗಿಕೊಂಡು, “ನಾನು” ಎಂದೆ.

ಅವರು ಎದ್ದು ನಿಂತರು. ಮತ್ತೆ ಕೂತರು.

ಅಧ್ಯಕ್ಷರು ಎಲ್ಲ ಹೇಳಿದರು. ಸೈಕೋಪಿಜಿ ಇಲ್ಲದ್ದು, ಪಾಸ್‌ವರ್ಡ್ ಕೇಳಿದ್ದು, ಪೈಲ್ವಾನರ ಸೂಜಿ. ಕೇಳಿ ಮುಗಿಸುವ ಮೊದಲೇ ಮಹಾಂತೇಶ ಚಪ್ಪಲಿ ಹುಡುಕುತ್ತಿದ್ದರು. ದಾರಿಯಲ್ಲಿ ಅಧ್ಯಕ್ಷರು ಮುಂದೆ ಮುಂದೆ ಓಡುತ್ತಿದ್ದಾಗ ನಾನು ಕೇಳಿಯೇಬಿಟ್ಟೆ. “ಬೇಕಂತ ಬಿಟ್ಟಿದ್ರೇನು, ಆ ಮಾಡ್ಯೂಲು?”

“ಬೇಕಂತ ಅಲ್ಲ. ಅದೊಂದ ಉಳದಿತ್ತು. ಚಾಲೂ ಮಾಡೂ ಮೊದಲ ನೀ ಕರೀತಿ, ಆವಾಗ ಬಂದ ಹಾಕಿದ್ರಾತು ಅಂತ...” ಎಂದು ನಿಲ್ಲಿಸಿದರು. ಎದುರಿಗಿದ್ದ ಕಲ್ಲನ್ನು ಕಾಣದೆ ಎಡವಿದರು. ನಾನು ತೋಳು ಹಿಡಿದೆ. “ದಿನಾ ಬಾಗಲಾ ನೋಡ್ತಿದ್ದೆ” ಎಂದರು.

“ಕನ್ನಡಕ ತಗೋಳಾಕರೇ ಬರ್ತೀರಿ ಅಂತ ನಾನೂ ನೋಡ್ತಿದ್ದೆ.”

ಆಮೇಲೆ ಕಚೇರಿ ಬರುವವರೆಗೆ ನಾನು ತೋಳು ಬಿಡಲಿಲ್ಲ. ಬಿಟ್ಟಿದ್ದರೆ ಬಿದ್ದುಬಿಡುತ್ತಿದ್ದರು.

ಕಚೇರಿಯಲ್ಲಿ ಸಂತೆಯಷ್ಟು ಜನ. ಮಹಾಂತೇಶ ಹೊಸ ಕಂಪ್ಯೂಟರಿನ ಮುಂದೆ ಕೂತು ಮೂಗನ್ನು ಕೀಬೋರ್ಡಿಗೆ ತಾಗಿಸುವಂತೆ ಬಾಗಿ ಪಾಸ್‌ವರ್ಡ್ ಒತ್ತಿದರು. ತಪ್ಪು ಎಂದಿತು. ಮತ್ತೆ ಒತ್ತಿದರು. ತಪ್ಪು. ಅಕ್ಷರ ಒತ್ತಿದರೆ ಪರದೆಯ ಮೇಲೆ ಚುಕ್ಕೆಯೂ ಮೂಡುವುದಿಲ್ಲ, ಹಾಗಾಗಿ ಎಲ್ಲಿ ತಪ್ಪಿತೆಂದು ತಿಳಿಯುವುದೂ ಇಲ್ಲ. ಹಳೆಯ ಕೀಬೋರ್ಡಾಗಿದ್ದರೆ ಕಣ್ಣು ಮುಚ್ಚಿ ಒತ್ತುತ್ತಿದ್ದರು. ಇದರ ಗುಂಡಿಗಳು ಚಪ್ಪಟೆ, ಬೆರಳಿಗೆ ಗುರುತು ಸಿಗದು.

“ನೀವು ಹೇಳ್ರಿ, ನಾ ಒತ್ತತೀನಿ” ಎಂದೆ.

ಅವರ ಬಿಳಿ ಮುಖ ಒಮ್ಮೆಲೇ ಕೆಂಪಾಯಿತು. “ನೀ ಬ್ಯಾಡ.”

“ಯಾಕ?”

“ಬ್ಯಾಡ ಅಂದೆ. ಕನ್ನಡಕಾ ತಂದ ಕೊಡು, ನಾನ ಒತ್ತತೀನಿ.”

“ಮನಿ ಇವತ್ತ ಕೆರಿ ದಂಡಿ ಮ್ಯಾಲೈತಿ. ಹೋಗಿ ಬರೂದರಾಗ ಮಧ್ಯಾಹ್ನ ಆಗ್ತೈತಿ.”

ಸುಶೀಲಾಬಾಯಿ ಸೂಜಿಯನ್ನು ಹಿಡಿದೇ ನಡುವೆ ಬಂದರು. “ಮಹಾಂತೇಶಪ್ಪ, ಈಗ ಹೇಳ್ತೀರೋ, ಇಲ್ಲಾ ಇದನ್ನ ನಿಮಗ ಹಾಕ್ಲೋ?”

“ಹೇಳ್ತೀನ್ರಿ. ಅಧ್ಯಕ್ಷರ ಕಿವ್ಯಾಗ ಹೇಳ್ತೀನಿ. ಅವರು ಒತ್ತಲಿ. ಕಸ್ತೂರಿ ಹೊರಗ ನಿಂದ್ರಲಿ.”

ನಾನು ಬಾಗಿಲವರೆಗೆ ಹೋಗಿ ಅಲ್ಲೇ ನಿಂತೆ. ಅಧ್ಯಕ್ಷರು ಕಿವಿಗೊಟ್ಟು ಕೇಳಿದರು. ಹುಬ್ಬು ಏರಿತು. ನನ್ನ ಕಡೆ ಒಮ್ಮೆ ನೋಡಿ, ನಾಲಿಗೆ ಕಚ್ಚಿಕೊಂಡು, ಕುರ್ಚಿಯಲ್ಲಿ ಕೂತರು. ಕೂತರೇನೋ ಸರಿ, ಆದರೆ ಅವರು ಜನ್ಮದಲ್ಲಿ ಕೀಬೋರ್ಡ್ ಮುಟ್ಟಿದವರಲ್ಲ. ಮೇಲೆ ಒಂದು ಅಕ್ಷರವನ್ನೂ ಬಾಯಲ್ಲಿ ಹೇಳದೆ ಬರೆಯುವ ಅಭ್ಯಾಸ ಅವರಿಗಿಲ್ಲ. ಸಹಿ ಮಾಡುವಾಗಲೂ ತಮ್ಮ ಹೆಸರನ್ನು ಗಟ್ಟಿಯಾಗಿ ಓದುತ್ತಲೇ ಬರೆಯುವವರು.

“ಕೆ. ಕೆ ಎಲ್ಲೈತಿ? ಹಾಂ, ಸಿಕ್ತು. ಎ. ಎಸ್. ಟಿ. ಯು...”

ಗದಿಗೆಪ್ಪ ಮಾಸ್ತರರು ಜೀವನವಿಡೀ ಮಕ್ಕಳಿಗೆ ಅಕ್ಷರ ಕೂಡಿಸುವುದನ್ನು ಕಲಿಸಿದವರು, ಅವರಿಂದ ಸುಮ್ಮನಿರಲಾಗಲಿಲ್ಲ. “ಕೆ ಎ ಎಸ್, ಕಸ್. ಟಿ ಯು, ತೂ. ಕಸ್ತೂ...”

“ಆರ್. ಐ.”

“ಕಸ್ತೂರಿ!” ಎಂದು ಮಾಸ್ತರರು ಗೆದ್ದವರಂತೆ ಕೂಗಿದರು. “ನಾ ಹೇಳಲಿಲ್ಲೇನು? ಹೆಂಡ್ತಿ ಹೆಸರ!”

ಕಚೇರಿಯ ತುಂಬ ಅಯ್ಯಯ್ಯೋ, ಎಷ್ಟು ಪ್ರೀತಿ ಎಂಬ ಗುಸುಗುಸು ಎದ್ದಿತು. ಹೆಂಗಸರು ನನ್ನ ಕಡೆ ನೋಡಿ ನಕ್ಕರು. ಬರೀ ಹೆಸರನ್ನು ನಾನು ಬೆಳಿಗ್ಗೆಯೇ ಹಾಕಿದ್ದೆ, ತಪ್ಪೆಂದಿತ್ತು ಎಂಬುದು ಆ ಗಳಿಗೆಯಲ್ಲಿ ಹೊಳೆಯಲೇ ಇಲ್ಲ. ಸೆರಗು ಸರಿಮಾಡಿಕೊಂಡು ನೆಲ ನೋಡುತ್ತಾ ನಿಂತೆ. ಇಷ್ಟು ದಿನದ ಸಿಟ್ಟೆಲ್ಲ ಇಳಿದು ಹೋಗಿತ್ತು. ಮಹಾಂತೇಶ ಮಾತ್ರ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದರು. ನಾಚಿಕೆ ಇರಬೇಕು ಎಂದುಕೊಂಡೆ.

“ತಡೀರಿ, ಇನ್ನೂ ಐತಿ” ಎಂದರು ಅಧ್ಯಕ್ಷರು. “ಜಿ. ಇ.”

“ಕಸ್ತೂರಿಗೆ” ಎಂದರು ಮಾಸ್ತರರು. ಪ್ರೇಮಪತ್ರದ ಒಕ್ಕಣೆ ಶುರುವಾದಂತೆ ಎಲ್ಲರೂ ಉಸಿರು ಹಿಡಿದರು.

“ಎಸ್. ಓ. ಕೆ. ಇನ್ನೊಂದ ಕೆ. ಯು.”

ಮಾಸ್ತರರು ಬಾಯಿ ತೆರೆದರು. ಮುಚ್ಚಿದರು. ಆದರೆ ಹಿಂದಿದ್ದ ಯಾರೋ ಹೆಂಗಸು ಕೂಡಿಸಿ ಓದಿಯೇಬಿಟ್ಟಳು. “ಕಸ್ತೂರಿಗೆ ಸೊಕ್ಕು!”

“ಬಿ. ಎಚ್. ಎ. ಎಲ್. ಎ.” ಅಧ್ಯಕ್ಷರು ಕೊನೆಯ ಗುಂಡಿ ಒತ್ತಿ, ಬೆವರು ಒರೆಸಿಕೊಂಡು, ತಮಗರಿವಿಲ್ಲದೆಯೇ ಇಡೀ ವಾಕ್ಯವನ್ನು ಸಭೆಗೆ ಓದಿ ಹೇಳಿದರು. “ಕಸ್ತೂರಿಗೆ ಸೊಕ್ಕು ಭಾಳ.”

ಎಲ್ಲರೂ ನನ್ನ ಮುಖ ನೋಡಿದರು. ಆಮೇಲೆ ನಮ್ಮ ಹಿಂದೆಯೇ ಗಿರಣಿ ಬಂದ್ ಮಾಡಿ ಬಂದಿದ್ದ ಬಂಗಾರೆವ್ವ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಲ್ಲಿಂದ ಶುರುವಾದ ನಗೆ ಕಚೇರಿ ದಾಟಿ, ಕಟ್ಟೆ ದಾಟಿ ಬಸ್ ಸ್ಟ್ಯಾಂಡಿನವರೆಗೂ ಹೋಯಿತು. ಹೊರಗಿದ್ದವರಿಗೆ ಒಳಗಿದ್ದವರು ಹೇಳಿದರು, ಅವರು ದೂರದವರಿಗೆ ಹೇಳಿದರು. ನನ್ನ ಕಿವಿ ಬಿಸಿಯಾಗಿ ಉರಿಯುತ್ತಿತ್ತು. ಗಂಡನಿಗೆ ಏನೋ ಹೇಳಬೇಕೆಂದು ದಡದಡನೆ ಟೇಬಲ್ಲಿನವರೆಗೆ ಬಂದೆ. ಅಷ್ಟರಲ್ಲಿ ಪರದೆಯ ಮೇಲೆ ಸಾಲುಗಳು ಇಳಿಯತೊಡಗಿದವು. ಕಂಪ್ಯೂಟರ್ ಒಪ್ಪಿಕೊಂಡಿತ್ತು.

“ಏಳ್ರಿ ಅಧ್ಯಕ್ಷರ” ಎಂದು ಅವರನ್ನು ಎಬ್ಬಿಸಿ ಕೂತೆ. ಜಗಳ ಆಮೇಲೂ ಆಡಬಹುದು. ಸೈಕೋಪಿಜಿ ಒಂದೇ ಬರುವುದಿಲ್ಲವಂತೆ, ಜೊತೆಗೆ ತನ್ನವರೊಬ್ಬರು ಬೇಕಂತೆ, ಕರೆಯಲೇ ಬೇಡವೇ ಎಂದು ಕೇಳುತ್ತಿತ್ತು. ಬಂಗಾರೆವ್ವ ಕಣ್ಣೊರೆಸಿಕೊಂಡು ಬಾಗಿ ನೋಡಿ, “ಬೀಗರನ್ನ ಕರದಂಗಾತು ಇದು. ಒಬ್ಬರನ್ನ ಕರದ್ರ ಇನ್ನೊಬ್ಬರನ್ನ ಕರಕೊಂಡ ಬರ್ತಾರ. ಬರ್ರಿ ಅನ್ನು” ಎಂದರು. ಬರಲಿ ಎಂದೆ. ಇಳಿಯುತ್ತಾ ಇಳಿಯುತ್ತಾ ಅರ್ಧಕ್ಕೆ ನಿಂತಿತು. ಕುಸ್ತಿ ನೋಡುವವರಂತೆ ಜನ, “ಹಾಂ, ಹಾಂ, ಇನ್ನ ಸ್ವಲ್ಪ” ಎನ್ನುತ್ತಿದ್ದರು. ಮಹಾಂತೇಶ ಪರದೆ ಕಾಣದಿದ್ದರೂ ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು ಕೂತಿದ್ದರು. “ಓಡಾಕ್ಹತ್ತೈತಿ, ಸದ್ದ ಬರಾಕ್ಹತ್ತೈತಿ” ಎಂದು ನಿಧಾನವಾಗಿ ಹೇಳಿದರು. ಮತ್ತೆ ಚಲಿಸಿತು. ಮುಗಿಯಿತು. ಕೂತುಕೊಂಡಿತು.

ಪ್ರೋಗ್ರಾಮ್ ಎಬ್ಬಿಸಿದೆ. ಕೆಂಪು ಅಕ್ಷರವಿಲ್ಲ. ಚಂಬಸಪ್ಪ ಪೈಲ್ವಾನ್ ಎಂದು ಒತ್ತಿ ಬೆರಳು ತೆಗೆಯುವುದರೊಳಗೆ ಕಲ್ಲಿನ ಅಂಕಿ ಬಂತು. ಓದಿದೆ. ನಂಬಿಕೆಯಾಗದೆ ಮತ್ತೆ ಓದಿದೆ.

“ಎಲ್ಲೈತಿ?” ಎಂದರು ಸುಶೀಲಾಬಾಯಿ.

“ಇಲ್ಲೇ ರೀ. ಈ ಕಚೇರಿ ಹಿಂದಿನ ಗ್ವಾಡಿಗೆ ಹತ್ತಿ.”

ಎಲ್ಲರೂ ಸುಮ್ಮನಾದಾಗ ಹಿಂದಿನಿಂದ ಮತ್ತೆ ಆ ಎಮ್ಮೆ ಒದರಿತು. ಈ ಸಲ ಅದರ ಮಾತು ಸ್ಪಷ್ಟವಾಗಿ ಕೇಳಿಸಿತು. “ಯಾರರೇ ಬರ್ರಲೇ! ಹಸದ ಸಾಯಾಕ್ಹತ್ತೇನಿ!”

ಸುಶೀಲಾಬಾಯಿ ಓಡಿದರು, ಹಿಂದೆ ಅರ್ಧ ಊರು. ಪೈಲ್ವಾನರು ಮಂಚದ ಮೇಲೆ ಪ್ಲಾಸ್ಟರ್ ಹಾಕಿದ ಕಾಲು ಚಾಚಿ, ಬೆವೆತು, ಬಾಯಿ ಒಣಗಿಸಿಕೊಂಡು ಕೂತಿದ್ದರು. ಸೂಜಿ ಆಯಿತು. ಇನ್ನೂ ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದು ಸುಶೀಲಾಬಾಯಿ ಆಮೇಲೆ ನನ್ನೊಬ್ಬಳಿಗೆ ಹೇಳಿದರು. ಪೈಲ್ವಾನರಿಗೆ ತುತ್ತು ಒಳಗೆ ಹೋದಮೇಲೆ ದನಿ ಬಂತು. “ಮುಂಜಾನಿಂದ ಒದರಾಕ್ಹತ್ತೇನಿ, ಯಾವನೋ ಎಮ್ಮಿ ಹೊಡೀರಿ ಅಂದ. ಯಾಂವಾ ಅಂವಾ?” ಅಧ್ಯಕ್ಷರು ಹಾರ ತೆಗೆದು ಜೇಬಿಗೆ ತುರುಕಿಕೊಂಡು ಮೆಲ್ಲಗೆ ಬಾಗಿಲ ಕಡೆ ಸರಿದರು.

ನಾನು ಕಚೇರಿಗೆ ಬಂದು ಕೂತೆ. ಬೆಳಗಿನಿಂದ ಕಾದವರ ಸರದಿ ಉದ್ದವಾಗಿತ್ತು. ಹೊಸ ಕಂಪ್ಯೂಟರ್ ಕೇಳಿದ ಕೂಡಲೇ ಹೇಳುತ್ತಿತ್ತು, ಚಹಾಕ್ಕೆ ಹೋಗಲು ಯಾರಿಗೂ ಸಮಯ ಸಿಗಲಿಲ್ಲ. ಒಬ್ಬೊಬ್ಬರೂ ಅಂಕಿ ತೆಗೆದುಕೊಂಡು ನನ್ನ ಮುಖ ನೋಡಿ ನಗೆ ತಡೆದುಕೊಂಡು ಹೋಗುತ್ತಿದ್ದರು. ತಲೆಯೆತ್ತದೆ ಕೆಲಸ ಮಾಡುತ್ತಿದ್ದೆ.

“ಮುಂದಿನವರು.”

“ಕಸ್ತೂರಿ ಹಾದಿಮನಿಯವರ ಮನಿ ಇವತ್ತ ಎಲ್ಲೈತ್ರಿ ಬಾಯಾರ?”

ಸರದಿಯಲ್ಲಿ ನಿಂತಿದ್ದರು ಮಹಾಂತೇಶ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಹಿಂದಿದ್ದವರೆಲ್ಲ ಕಿವಿ ನಿಮಿರಿಸಿದರು. ಮನೆ ಕೆರೆಯ ದಂಡೆಯ ಮೇಲಿದೆ ಎಂದು ನಾನೇ ಬೆಳಿಗ್ಗೆ ಹೇಳಿದ್ದೆ, ಅದು ಅವರಿಗೂ ಗೊತ್ತು. ನಾನು ಅಪರಿಚಿತರನ್ನು ಕೇಳುವಂತೆಯೇ ಕೇಳಿದೆ. “ಏನ ಕೆಲಸಾ ಇತ್ತು?”

“ಕನ್ನಡಕ ಬಿಟ್ಟೇನ್ರಿ.”

“ಅಷ್ಟ?”

“ಅರ್ಧಾ ರೊಟ್ಟಿನೂ ಬಿಟ್ಟೇನಿ.”

“ಆ ರೊಟ್ಟಿ ಆಕಳಿಗೆ ಹಾಕ್ಯಾರ. ಬ್ಯಾರೆ ಬಡದ ಕೊಡತಾರೋ ಇಲ್ಲೋ ಗೊತ್ತಿಲ್ಲ. ಆ ಮನಿ ಹೆಣ್ಣಮಗಳಿಗೆ ಸೊಕ್ಕು ಭಾಳ ಅಂತಾರ.”

“ಕೇಳೇನ್ರಿ” ಎಂದರು. “ಆದ್ರೂ ಹೋಗ್ತೀನಿ.”

ನನ್ನ ಹೆಸರು ಒತ್ತಿದೆ. ಬಂದ ಅಂಕಿಯನ್ನು ಚೀಟಿಯಲ್ಲಿ ದಪ್ಪಗೆ, ಅವರಿಗೆ ಕಾಣುವಷ್ಟು ದೊಡ್ಡದಾಗಿ ಬರೆದು ಕೊಟ್ಟೆ. ಅದನ್ನು ಕಣ್ಣಿಗೆ ಹತ್ತಿಸಿಕೊಂಡು ಹೋದರು.

ಸಂಜೆ ನಾನು ಮನೆಗೆ ಹೋದಾಗ ಅವರು ಇರಲಿಲ್ಲ. ರೊಟ್ಟಿ ಬಡಿದೆ. ಎಣ್ಣೆಗಾಯಿ ಮಾಡಿದೆ. ದೀಪ ಹಚ್ಚಿದೆ. ಇನ್ನೂ ಸುಳಿವಿಲ್ಲ. ಮತ್ತೆ ಅಕ್ಕನ ಮನೆಗೇ ಹೋದರೇನೋ ಎಂದು ಬಾಗಿಲಿಗೆ ಬಂದು ನೋಡುತ್ತಿದ್ದಾಗ ಕೆಳಗಿನ ದಂಡೆಯಿಂದ ಎಡವುತ್ತಾ ಬಂದರು. ಚೀಟಿಯ ಅಂಕಿಯೇನೋ ಕಂಡಿತ್ತಂತೆ, ಕಲ್ಲಿನ ಮೇಲಿನ ಅಂಕಿ ಕಾಣಲಿಲ್ಲವಂತೆ. ಸಿಕ್ಕ ಸಿಕ್ಕ ಮನೆಯ ಬಾಗಿಲು ತಟ್ಟಿದ್ದಾರೆ. ಪ್ರತಿಯೊಂದು ಮನೆಯಲ್ಲೂ ಕೂರಿಸಿ, ಚಹಾ ಕೊಟ್ಟು, “ಆ ಪಾಸ್‌ವರ್ಡ್ ಖರೇನ ಐತೇನ್ರಿ?” ಎಂದು ಕೇಳಿದ್ದಾರೆ. “ಏನಂದ್ರಿ?” ಎಂದೆ. “ಚಹಾ ಚಲೋ ಐತಿ ಅಂದೆ” ಎಂದು ಕೈ ತೊಳೆದುಕೊಂಡು ತಾಟಿನ ಮುಂದೆ ಕೂತರು.

ಪಾಸ್‌ವರ್ಡ್ ಬದಲಾಯಿಸು ಎಂದು ಅಧ್ಯಕ್ಷರು ಆಗಾಗ ಹೇಳುತ್ತಲೇ ಇರುತ್ತಾರೆ. ಊರಿಗೆಲ್ಲ ಗೊತ್ತಿರುವ ಪಾಸ್‌ವರ್ಡ್ ಎಂಥ ಪಾಸ್‌ವರ್ಡ್ ಎಂದು. ಮಹಾಂತೇಶ ತಾವಾಗಿಯೇ ಬದಲಾಯಿಸಿಕೊಡುತ್ತೇನೆಂದು ಕನ್ನಡಕ ಒರೆಸಿಕೊಂಡು ಬಂದರು. ನಾನೇ ಬೇಡವೆಂದೆ. ಏನಾದರೂ ಹೊಸದನ್ನು ಒಳಗೆ ಕರೆಸಬೇಕಾದಾಗ ಅದನ್ನು ನನ್ನ ಕೈಯಿಂದಲೇ ಒತ್ತುತ್ತೇನೆ, ಪಕ್ಕದಲ್ಲಿ ಅವರನ್ನು ಕೂರಿಸಿಕೊಂಡು, ಒಂದೊಂದೇ ಅಕ್ಷರವನ್ನು ಗಟ್ಟಿಯಾಗಿ ಹೇಳುತ್ತಾ. ಅವರು ಕಿಟಕಿಯ ಹೊರಗೆ ನೋಡುತ್ತಿರುತ್ತಾರೆ. ಕಂಪ್ಯೂಟರ್ ಮಾತ್ರ ಒಂದೇ ಸಲಕ್ಕೆ, ಯಾವ ತಕರಾರೂ ಇಲ್ಲದೆ ಒಪ್ಪಿಕೊಳ್ಳುತ್ತದೆ.